ಕಳಚಿದ ಫೋರ್ಕಿನ ಚೀಟಿ

ಮಾಘ ಮಾಸದ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಬಿಳಿಗೆರೆ ಹತ್ತಿರದ ನಮ್ಮ ತೋಟದ ಮನೆ, ಕೊಬ್ಬರಿ ಅಟ್ಟದ ಕೆಳಗೆ. ಹಾಜರಿದ್ದವರು ನಾನು, ಹಿಂದಿನ ಸಂಜೆಯೇ ಚಿಕ್ಕನಾಯಕನಹಳ್ಳಿಯಿಂದ ಬಂದು ಉಳಿದಿದ್ದ ಗೆಳೆಯ, ಮತ್ತು ಒಳಗೆ ಒಲೆಯ ಮುಂದೆ ನನ್ನ ಹೆಂಡತಿ. ಗೆಳೆಯನೂ ನಾನೂ ಒಂದೇ ಬಸ್ ಡಿಪೋದಲ್ಲಿ ದುಡಿದವರು. ಅವನು ವೆಲ್ಡರ್, ನಾನು ಮೆಕ್ಯಾನಿಕ್, ಕೊನೆಯ ಹನ್ನೊಂದು ವರ್ಷ ಮೇಸ್ತ್ರಿ. ದಿನ, ಹೊತ್ತು, ಹಾಜರಿ ಬರೆಯದೆ ನಾನು ಇವತ್ತಿಗೂ ಸ್ಪ್ಯಾನರ್ ಮುಟ್ಟುವುದಿಲ್ಲ.

ಕೆಲಸ ಇಷ್ಟೇ. ನನ್ನ ಹಳೆಯ ನೂರು ಸಿಸಿ ಬೈಕಿನ, ಮುಂಚಕ್ರ ಹಿಡಿದು ಗುದ್ದು ತಡೆಯುವ ಸಣಕಲು ಮುಂಫೋರ್ಕ್ ಕಳಚಿ, ದೊಡ್ಡ ಬೈಕೊಂದರ ದಪ್ಪ ಫೋರ್ಕ್ ಕೂರಿಸುವುದು. ತಿಪಟೂರಿನ ಗುಜರಿಯಲ್ಲಿ ಹಿಂಭಾಗ ಜಜ್ಜಿಹೋದ ಗಾಡಿಯೊಂದು ಸಿಕ್ಕಿತ್ತು. ಅದರ ಮುಂಭಾಗವನ್ನು ಚಕ್ರ, ಡಿಸ್ಕ್ ಬ್ರೇಕಿನ ಸಮೇತ ತಂದಿದ್ದೆ.

ಕಾರಣವನ್ನೂ ಬರೆಯಬೇಕು. ಎಂಟು ತಿಂಗಳ ಹಿಂದೆ ಒಂದು ಮದುವೆಗೆ ಹೋಗುವಾಗ, ರಸ್ತೆಗೆ ಹೊಸದಾಗಿ ಹಾಕಿದ್ದ ಹಂಪಿನ ಮೇಲೆ ಗಾಡಿ ಎಗರಿ, ಹಿಂದೆ ಕೂತಿದ್ದ ನನ್ನ ಹೆಂಡತಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮುದ್ದೆ ಕೋಲು ತಿರುವುವ ಬಲ ಆ ಕೈಗೆ ಇನ್ನೂ ಬಂದಿಲ್ಲ. ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು. ಮುಂದಿನ ಫೋರ್ಕ್ ಬಿಗಿದುಕೊಂಡಿತ್ತು, ಅದಕ್ಕೇ ಎತ್ತಿ ಎಸೆಯಿತು. ಅವಳು ಮಂಚದ ಮೇಲಿಂದ ಕೇಳಿಸಿಕೊಂಡಳು, ಎದುರಾಡಲಿಲ್ಲ. ಅವತ್ತಿನಿಂದ ನನ್ನ ಗಾಡಿಯನ್ನೂ ಹತ್ತಲಿಲ್ಲ. ಬಸ್ಸು ಸಿಕ್ಕಿದಲ್ಲಿಗೆ ಹೋಗುತ್ತಾಳೆ, ಸಿಗದಿದ್ದರೆ ಹೋಗುವುದಿಲ್ಲ.

ಆ ಭಾನುವಾರ ಸಂಜೆ ದಬ್ಬೇಘಟ್ಟದಲ್ಲಿ ಅವಳ ತಂಗಿಯ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರವಿತ್ತು. ನಾಲ್ಕಕ್ಕೆ ಅವಳನ್ನು ಕೂರಿಸಿಕೊಂಡು ಹೊರಡುವುದು ನನ್ನ ಯೋಜನೆ. ಫೋರ್ಕ್ ಬದಲಾದರೆ ಹತ್ತುತ್ತಾಳೆ ಎಂದು ನಾನೇ ತೀರ್ಮಾನಿಸಿದ್ದೆ. ಅವಳನ್ನು ಕೇಳಿರಲಿಲ್ಲ.

ಕಾಯಿ ಮೇಲೆ ಸೇದುವ ಹಗ್ಗವನ್ನು ಅಟ್ಟದ ತೊಲೆಗೆ ಹಾಕಿ ಗಾಡಿಯ ಮೂತಿ ಎತ್ತಿ ಕಟ್ಟಿದೆವು. ಗೆಳೆಯ ಮೇಲೆ ನೋಡಿದ.

"ಲೇ, ಅಟ್ಟದ ತುಂಬ ವರ್ಷದ ಕಾಯಿ ಐತೆ. ತೊಲೆ ಕಿತ್ಕಂಡು ಬಂದ್ರೆ ನಿನ್ ಕತ್ತಿಗೂ ಹೊಸ ಫೋರ್ಕ್ ಹಾಕ್ಬೇಕಾಯ್ತದೆ."

"ಅದು ನಮ್ಮಪ್ಪ ಹಾಕಿಸಿದ ತೊಲೆ. ನೀನು ನಟ್ಟು ಬಿಚ್ಚು."

ಎಂಟೂವರೆಗೆ ಹಳೆಯ ಫೋರ್ಕ್ ಕೈಗೆ ಬಂತು. ಗೆಳೆಯ ಒಂದು ಕಡೆಯದನ್ನು ಬಿಚ್ಚಿ, ಒಳಗಿನ ಪೈಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಅಂಗೈಯಿಂದ ಉರುಳಿಸಿದ. ಫೋರ್ಕ್ ಬಿಗಿದುಕೊಳ್ಳುವುದು ಪೈಪು ಬಾಗಿದರೆ, ಬಾಗಿದ ಪೈಪು ಹೀಗೆ ಉರುಳಿಸಿದಾಗ ಕುಣಿಯುತ್ತದೆ. ಇದು ಸದ್ದಿಲ್ಲದೆ ಉರುಳಿ ಆ ತುದಿಗೆ ಹೋಗಿ ನಿಂತಿತು.

"ನೆಟ್ಟಗೈತಲ್ಲೋ," ಅಂದ. "ಎಷ್ಟು ಜನ ಡ್ರೈವರ್‌ಗಳು ಬಂದು, 'ಗಾಡಿದೇ ತಪ್ಪು ಸಾರ್' ಅಂತ ಅತ್ತಿರ್ಲಿಲ್ಲ? ಹಿಂಗೇ ಉರುಳ್ಸಿ ತೋರ್ಸಿ ಚೀಟಿ ಬರೀತಿದ್ದೆ ಕಣ್ಲಾ ನೀನು."

"ಆಮೇಲೆ ನೋಡಾಣ. ಮೂಲೆಗಿಡು."

ಅವನು ನನ್ನ ಮುಖ ನೋಡಿ, ಪೈಪನ್ನು ಮೂಲೆಗಿಟ್ಟ.

ದೊಡ್ಡ ಬೈಕಿನ ಹ್ಯಾಂಡಲ್ ದಂಡ ನಮ್ಮ ಗಾಡಿಯ ಕುತ್ತಿಗೆಗಿಂತ ಉದ್ದ. ಅದಕ್ಕೆ ಹಿಂದಿನ ವಾರವೇ ತಿಪಟೂರಿನ ಲೇತಿನಲ್ಲಿ ಸಂದು ತುಂಬುವ ಒಂದು ಬುಷ್ ಮಾಡಿಸಿಟ್ಟಿದ್ದೆ, ಅದು ಹೇಳಿದ ಹಾಗೆ ಕೂತಿತು. ಫೋರ್ಕಿನ ಎರಡೂ ಕಾಲಿಗೆ ಎಣ್ಣೆಯನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು, ಒಂದು ಹನಿ ಹೆಚ್ಚುಕಡಿಮೆ ಆಗದಂತೆ ಹೊಯ್ದೆ. ಒಂದಕ್ಕೆ ಊಟ, ಒಂದೂವರೆಗೆ ಮತ್ತೆ ಕೆಲಸ. ಮೂರೂ ಇಪ್ಪತ್ತೈದಕ್ಕೆ ಹಗ್ಗ ಬಿಚ್ಚಿ ಗಾಡಿ ಇಳಿಸಿದೆವು. ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ಮೆತ್ತಗೆ ಕುಸಿದು ಮೆತ್ತಗೆ ಏಳುತ್ತಿತ್ತು. ಇಡೀ ಕಸುಬಿನಲ್ಲಿ ನಾನು ಮಾಡಿದ ಅಚ್ಚುಕಟ್ಟಾದ ಕೆಲಸಗಳಲ್ಲಿ ಅದೂ ಒಂದು.

ನಾಲ್ಕಕ್ಕೆ ಅವಳು ರೇಷ್ಮೆ ಸೀರೆ ಉಟ್ಟು, ಎಡಗೈಯಲ್ಲಿ ಚೀಲ ಹಿಡಿದು ಹೊರಗೆ ಬಂದಳು.

"ಬಾ, ಕೂತು ನೋಡು. ತೊಟ್ಟಿಲು ಆಗೈತೆ ಇದು," ಅಂದೆ.

ಅವಳು ನಿಂತು ಫೋರ್ಕನ್ನು ಮೇಲಿಂದ ಕೆಳಗೆ ನೋಡಿದಳು. "ಚೆನ್ನಾಗೈತೆ ಕಣ್ರೀ. ಓಡಿಸೋರು?"

"ನಾನೇ."

"ಅದೇ."

ಗೆಳೆಯ ನಕ್ಕ, ಆಮೇಲೆ ನಗಬಾರದಿತ್ತೆಂದು ಹೊಳೆದು ನನ್ನ ಪರ ವಹಿಸಿದ. "ಡಿಸ್ಕ್ ಬ್ರೇಕ್ ಹಾಕಿದೀವಿ ಕಣವ್ವ. ಹಿಡಿದ್ರೆ ಅಲ್ಲೇ ನಿಲ್ತದೆ."

"ಹಿಡಿದ್ರೆ ತಾನೇ ಅಣ್ಣಾ?"

ಅವಳು ಚೀಲವನ್ನು ಜಗಲಿಯ ಮೇಲಿಟ್ಟು ನನ್ನ ಕಡೆ ತಿರುಗಿದಳು. "ಅವತ್ತು ಹಂಪು ಐತೆ, ನಿಧಾನ ಅಂತ ಎರಡು ಸಲ ಕೂಗಿದೆ. ಗಾಳಿಗೆ ಕೇಳಿಸ್ಲಿಲ್ವೇನೋ ಅಂತ ಇಷ್ಟು ದಿನ ಸಮಾಧಾನ ಮಾಡ್ಕಂಡಿದೀನಿ. ಕೇಳಿಸಿತ್ತಾ?"

ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು. ಅವತ್ತು ಬೀಗ ಹಾಕಿದೆನೋ ಇಲ್ಲವೋ ಎಂದು ಅವಳು ಅರ್ಧ ದಾರಿಯಿಂದ ನನ್ನನ್ನು ವಾಪಸ್ ತಿರುಗಿಸಿದ್ದಳು. ಬೀಗ ಹಾಕಿಯೇ ಇತ್ತು. ಮುಹೂರ್ತ ತಪ್ಪುತ್ತದೆಂಬ ಸಿಟ್ಟು ನನಗೆ. ಅವಳ ಮರೆವಿನ ಬೆಲೆ ಅವಳ ಬೆನ್ನಿಗೆ ಗೊತ್ತಾಗಲಿ ಎಂದೇ ವೇಗ ಇಳಿಸಲಿಲ್ಲ. ಹಂಪು ನನಗೂ ಕಂಡಿತ್ತು.

ಗಡಿಯಾರ ನೋಡಿಕೊಂಡೆ. "ಹೊತ್ತಾಯ್ತು, ಹೊರಡಾಣ," ಅಂದೆ.

ಅವಳು ತಲೆಯಾಡಿಸಿದಳು. ಬೇಕಾದ ಉತ್ತರ ಸಿಕ್ಕಿದವಳ ಹಾಗೆ ಸೆರಗು ಸರಿ ಮಾಡಿಕೊಂಡು, "ನಾಲ್ಕೂಕಾಲಿಗೆ ಬಸ್ಸೈತೆ," ಎಂದು ಚೀಲಕ್ಕೆ ಕೈ ಹಾಕಿದಳು. ಗೆಳೆಯ ಅದನ್ನು ತಾನೇ ತೆಗೆದುಕೊಂಡ.

"ನಾನೂ ರಸ್ತೆಗಂಟ ಬತ್ತೀನಿ ನಡಿಯವ್ವ. ಅಲ್ಲಿಂದ ಊರಿನ ಬಸ್ ಹಿಡೀತೀನಿ."

ನನಗೆ "ಬತ್ತೀನಿ ಕಣ್ಲಾ" ಅನ್ನಲಿಲ್ಲ.

ಮುಂಭಾಗ ಬಿಚ್ಚಿದ ಗಾಡಿಯನ್ನು ಓಡಿಸಿ ನೋಡದೆ ಬಿಡಬಾರದು, ಅದು ಡಿಪೋದ ಕಟ್ಟಳೆ. ಐದಕ್ಕೆ ಒಬ್ಬನೇ ಹೊರಟು ಆ ಹಂಪಿನವರೆಗೆ ಹೋದೆ. ಹಿಂದೆ ಯಾರೂ ಇರಲಿಲ್ಲ, ಆದರೂ ಬ್ರೇಕು ಹಿಡಿದೆ. ಗಾಡಿ ಅಲ್ಲೇ ನಿಂತಿತು. ಹಂಪನ್ನು ನಿಧಾನವಾಗಿ ದಾಟಿದೆ. ಹಳೆಯ ಫೋರ್ಕಿನಲ್ಲೂ ಅಷ್ಟು ನಿಧಾನಕ್ಕೆ ಏನೂ ಆಗುತ್ತಿರಲಿಲ್ಲ.

ಮನೆಗೆ ಬಂದು ಮೂಲೆಯ ಪೈಪನ್ನು ಕಲ್ಲಿನ ಮೇಲೆ ಉರುಳಿಸಿದೆ. ಇನ್ನೊಂದು ಕಡೆಯದನ್ನೂ ಬಿಚ್ಚಿ, ತೊಳೆದು, ಉರುಳಿಸಿದೆ. ಎರಡೂ ನೆಟ್ಟಗಿದ್ದವು. ಸ್ಪ್ರಿಂಗು ಸರಿ, ಸೀಲು ಸರಿ, ಎಲ್ಲೂ ಬಿಗಿದುಕೊಂಡ ಗುರುತಿಲ್ಲ. ಕಳಚಿದ ಭಾಗಕ್ಕೆ ಚೀಟಿ ಕಟ್ಟುವುದು ದಿನದ ಕೊನೆಯ ಕೆಲಸ. ಭಾಗ: ಮುಂಫೋರ್ಕ್, ಎರಡೂ ಕಡೆ. ಸ್ಥಿತಿ: ದೋಷವಿಲ್ಲ. ಅಪಘಾತದ ಕಾರಣ ಎಂಬ ಕಡೆ, ಡಿಪೋದಲ್ಲಿ ಎಷ್ಟೋ ಮಂದಿಯ ಹೆಸರಿನ ಮುಂದೆ ಬರೆದಿದ್ದ ಎರಡು ಪದಗಳನ್ನೇ ಬರೆದೆ: ಚಾಲಕನ ತಪ್ಪು. ತೆಂಗಿನ ನಾರಿನಲ್ಲಿ ಚೀಟಿ ಕಟ್ಟಿ, ಅವಳು ಬಂದು ಚಪ್ಪಲಿ ಬಿಡುವ ಜಾಗದ ಮೇಲಿನ ಮೊಳೆಗೆ ಫೋರ್ಕನ್ನು ನೇತುಹಾಕಿದೆ. ಆಗ ಆರೂ ನಲವತ್ತು.