ಮೂರು ತಿಂಗಳ ಹಿಂದಿನ ಬ್ಯಾಕಪ್

ಸ್ನೇಹಿತರೇ, ಇವತ್ತು ನನ್ನ ಸೋಮಾರಿತನಕ್ಕೆ ತಕ್ಕ ಶಾಸ್ತಿಯಾಯಿತು. ಕವಲಂದೆ ಕಡೆಯ ಹಾಲಿನ ಡೈರಿಯೊಂದರ ಸರ್ವರ್ ನೋಡಿಕೊಳ್ಳುವವನು ನಾನು. ನಿನ್ನೆ ಅದು ಕೆಟ್ಟಿತು. ಸದಸ್ಯರ ಪಟ್ಟಿ, ಲೆಕ್ಕಪತ್ರಗಳ ನಕಲು ಅಂತ ಇದ್ದದ್ದು ಮೂರು ತಿಂಗಳ ಹಿಂದಿನ ಬ್ಯಾಕಪ್. ಅದನ್ನೇ ಹಾಕಿ, ಎಲ್ಲ ಸರಿಹೋಯಿತು ಎಂದುಬಿಟ್ಟೆ.

ಬೆಳಿಗ್ಗೆ ಡೈರಿಯ ಸಭೆಯಲ್ಲಿ ಕಾರ್ಯದರ್ಶಿ ಮೊಬೈಲ್ ನೋಡಿಕೊಂಡು ಸದಸ್ಯರ ಹೆಸರು ಕೂಗುತ್ತಿದ್ದರು. “ಮಾದಮ್ಮ!” ಎಂದವರೇ ನಾಲಿಗೆ ಕಚ್ಚಿಕೊಂಡರು. ಆಕೆ ತೀರಿಕೊಂಡು ಎರಡು ತಿಂಗಳಾಗಿದೆ. ಹಿಂದೆ ಕೂತಿದ್ದ ಆಕೆಯ ಗಂಡ ಸಿದ್ದಣ್ಣ ತಲೆ ಎತ್ತಲಿಲ್ಲ.

“ಏನ್ ಸಾ ಇದು, ಸತ್ತೋರ್ನೆಲ್ಲ ಎಬ್ಬಿಸ್ಬುಟ್ರಲ್ಲ!” ಎಂದು ಕಾರ್ಯದರ್ಶಿ ನನ್ನ ಮೇಲೆ ರೇಗಿದರು.

“ಹಳೇ ಬ್ಯಾಕಪ್ ಸಾರ್, ಎಲ್ಲ ಮೂರು ತಿಂಗಳು ಹಿಂದಕ್ಕೆ ಹೋಗಿದೆ” ಎಂದೆ.

ಸಭೆ ಮುಗಿದ ಮೇಲೆ ಸಿದ್ದಣ್ಣ ಹತ್ತಿರ ಬಂದು ಕೇಳಿದರು: “ಮೂರ್ ತಿಂಗ್ಳು ಇಂದಕ್ಕೆ ಓಗೋದು ಅಷ್ಟು ಸಲೀಸಾ ಸಾ?”

ಗೆಳೆಯರೇ, ದಿನಾ ಬ್ಯಾಕಪ್ ತೆಗೆದಿಡಿ. ಒಂದೇ ಒಂದು ಬಟನ್ ಒತ್ತಿದ್ದೆ ಎಂದು ಆ ಮನುಷ್ಯನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.