ಅಜವಾನದ ಎದುರಿಗೊಂದು ಬಿಸಿನೀರು

ವಾಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಾಕೆ, ನಾವು ಚಿಕ್ಕಮ್ಮನೆಂಬ ಸಲಿಗೆಯಲ್ಲಿ ಕರೆಯುತ್ತಿದ್ದ ಕಾಕು, ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಯಾರು ಯಾವ ಮನೆಮದ್ದನ್ನು ಹೊಗಳಿದರೂ ಕನ್ನಡಕವನ್ನು ಹಣೆಗೇರಿಸಿ, “ಹೋಲ್ಸಲಾಕ ಎದುರಿಗಿ ಏನಿಟ್ಟು ನೋಡೀರಿ?” ಎನ್ನುತ್ತಿದ್ದರು.

ಅಜೀರ್ಣಕ್ಕೆ ಅವ್ವ ಕಾಸುವ ಅಜವಾನದ, ಅಂದರೆ ಓಂಕಾಳಿನ, ನೀರು ಓಣಿಗೆಲ್ಲ ಹೆಸರಾಗಿತ್ತು. ಒಮ್ಮೆ ನಮ್ಮಲ್ಲಿ ಹೋಳಿಗೆ ಊಟವಾದ ಮೇಲೆ ಕಾಕು ಅರ್ಧ ಮಂದಿಗೆ ಅದನ್ನು, ಉಳಿದವರಿಗೆ ಬರೀ ಬಿಸಿನೀರನ್ನು ಕೊಡಿಸಿದರು. ಅಜವಾನ ಕುಡಿದವರೆಲ್ಲ ಹೊಟ್ಟೆ ಹಗುರಾಯಿತೆಂದರು. ಬಿಸಿನೀರಿನವರು ಮುಖ ಸಿಂಡರಿಸಿದರು.

“ನೋಡಿದ್ರ್ಯಾ?” ಎಂದು ಅವ್ವ ಬೀಗಿದಳು.

“ಇದು ನಡೆಯಂಗಿಲ್ರಿ ಅಕ್ಕಾ. ಯಾರಿಗಿ ಏನ್ ಸಿಕ್ಕದ ಅಂತ ವಾಸನಿ ಮೊದಲೇ ಹೇಳಿಬಿಟ್ಟದ,” ಎಂದರು ಕಾಕು.

“ಹಂಗಾರ ನನ್ನ ಔಷಧ ಸುಳ್ಳೇನು?”

“ಸುಳ್ಳು ಅನ್ನಲ್ರಿ. ಖರೇ ಅಂತ ಇನ್ನಾ ಗೊತ್ತಾಗಿಲ್ಲ.”

ಅವ್ವ ಸಿಟ್ಟಿನಿಂದ ಅಡುಗೆಮನೆಗೆ ಹೋದಳು. ಅವಳೆದುರು ಹಾಗೆ ಮಾತಾಡಿದ ಬೇರೆ ಯಾರನ್ನೂ ನಾನು ಕಂಡಿಲ್ಲ. ಸ್ವಲ್ಪ ಹೊತ್ತಿಗೆ ಕಾಕು ತಾವೇ ಒಳಗೆ ಬಂದು ಗ್ಲಾಸು ಚಾಚಿದರು. “ಹೋಳಿಗಿ ಭಾಳ ಆದುವು. ನನಗೂ ಒಂದೀಟು ಕೊಡ್ರಿ.”

ಕುಡಿದರು, ತೇಗಿದರು. ಅವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಈಗ?”

“ಹಗುರಾಗ್ಯಾದರಿ,” ಎಂದರು ಕಾಕು. “ಆದ್ರ ನನ್ನ ಮಾತು ಲೆಕ್ಕಕ್ಕ ಹಿಡೀಬ್ಯಾಡ್ರಿ. ವಾಸನಿ ನನಗೂ ಬಂದದ.”