ಮೂರು ಪಾಯಿಂಟಿನ ಸೆಟ್ಟು

ಕೆಂಪರಾಜು ತೀರಿಕೊಂಡ ಮೇಲೆ ನನಗೆ ಕಷ್ಟವಾಗಿರುವುದು ಭಾನುವಾರಗಳು. ಉಳಿದ ದಿನ ಕಾಲೇಜು ಇದೆ, ಪಾಠ ಇದೆ, ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನ ನೂಕುನುಗ್ಗಲು ಇದೆ. ಭಾನುವಾರ ಬೆಳಿಗ್ಗೆ ಮಾತ್ರ ಸ್ಕೂಟರಿನ ಕೀ ಹಿಡಿದು ಹನಕೆರೆಯ ನಮ್ಮ ಮನೆ ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತೇನೆ. ಆ ಹೊತ್ತಿಗೆ ಆ ಸ್ಕೂಟರು ವರ್ಷಗಟ್ಟಲೆ ಹೋಗುತ್ತಿದ್ದುದು ಕೊಪ್ಪಕ್ಕೆ, ಅವನ ಮನೆಗೆ. ಈಗ ಅಲ್ಲಿಗೆ ಹೋಗಲು ನಾನು ಯಾರು? ನೆಂಟನಲ್ಲ, ಕುಲದವನಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಕರೆದರು. ಹೋದೆ, ಉಂಡೆ, ಬಂದೆ. ಗೆಳೆಯನಿಗೆ ಅದರಿಂದ ಮುಂದಕ್ಕೆ ಯಾವ ಶಾಸ್ತ್ರವೂ ಇಲ್ಲ.

ನಾವಿಬ್ಬರೂ ಮಳವಳ್ಳಿಯ ಒಂದೇ ಕಾಲೇಜಿನಲ್ಲಿ ಮೇಷ್ಟ್ರು. ನನ್ನದು ಚರಿತ್ರೆ, ಅವನದು ಇಂಗ್ಲಿಷು. ಸಂಜೆ ಮದ್ದೂರಿನವರೆಗೆ ಒಂದೇ ಸೀಟಿನಲ್ಲಿ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು, ಅವನು ಕೊಪ್ಪದ ಬಸ್ಸಿಗೆ, ನಾನು ಮಂಡ್ಯದ ಬಸ್ಸಿಗೆ. ಲೆಕ್ಚರರ್ ಆಗಲು ಬೇಕಾದ ಸೆಟ್ ಪರೀಕ್ಷೆಯನ್ನು ಅವನ ಕೇರಿಯಲ್ಲಿ ಪಾಸು ಮಾಡಿದವರಲ್ಲಿ ಅವನೇ ಮೊದಲಿಗ. ಅವನ ಅಪ್ಪ ಕರಿಯಯ್ಯ ಈ ಸುದ್ದಿಯನ್ನು ಹೋಟೆಲಿನಲ್ಲಿ ಹೇಳಿಕೊಂಡು ಬಂದರೆ, ಮಾರನೆಯ ಬೆಳಿಗ್ಗೆ ಯಾರೋ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರನ್ನು ಟಿವಿಎಸ್ ಮೇಲೆ ಹೇರಿಕೊಂಡು ಬಂದು, "ಕರಿಯಣ್ಣ, ನಿನ್ ಮಗ ಸೆಟ್ಟು ಪಾಸಾದ್ನಂತಲ್ಲ, ಇದ್ನೊಸಿ ನೋಡೇಳು" ಅಂದರಂತೆ. ಈ ಕಥೆಯನ್ನು ಅವನೇ ಹೇಳಿ ಹೇಳಿ ನಗುತ್ತಿದ್ದ.

ಮಕ್ಕಳಿಗೆ ಇಂಗ್ಲಿಷಿನ ಭಯ ಹೋಗಲಿ ಎಂದು ಅವನು ಮೈಸೂರಿನಿಂದ ಸ್ಕ್ರ್ಯಾಬಲ್ ಹಲಗೆಯೊಂದನ್ನು ತಂದಿದ್ದ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಆಟ. ಒಂದೊಂದು ಅಕ್ಷರಕ್ಕೂ ಇಷ್ಟು ಪಾಯಿಂಟು ಅಂತ ಇದೆ. ಕಾಲೇಜಿನ ಮಕ್ಕಳು ಅದನ್ನು ಮುಟ್ಟಲಿಲ್ಲ. ಹಲಗೆ ಕೊಪ್ಪದ ಅವನ ಮನೆಯ ಜಗಲಿಗೆ ಬಂತು, ಅದರ ಹಿಂದೆ ನಾನೂ ಹೋದೆ. ಮೊದಮೊದಲು ಅವನ ತಾಯಿ ಮರಿತಾಯಮ್ಮ ನನ್ನನ್ನು ಕಂಡರೆ ಎದ್ದು ನಿಂತು, "ಬನ್ನಿ, ಕೂತ್ಕಳಿ" ಎನ್ನುತ್ತಿದ್ದರು. ನಮ್ಮ ಮನೆಯವರ ಗದ್ದೆಯಲ್ಲಿ ಒಂದು ಕಾಲಕ್ಕೆ ನಾಟಿ ಹಾಕಿದವರು ಅವರು. ಊಟಕ್ಕೆ ಕರೆಯಲು ಹಿಂಜರಿಯುತ್ತಿದ್ದರು.

ಒಂದು ಭಾನುವಾರ ಕೆಂಪರಾಜು ಎಸ್, ಇ, ಟಿ ಬಿಲ್ಲೆ ಜೋಡಿಸಿದ. ಮೂರಕ್ಕೂ ಒಂದೊಂದೇ ಪಾಯಿಂಟು. ಅಷ್ಟು ಅಗ್ಗದ ಪದ ಹಲಗೆಯ ಮೇಲೆ ಇನ್ನೊಂದಿಲ್ಲ ಎಂದು ನಾನು ನಕ್ಕೆ.

"ದೊಡ್ಡ ಡಿಕ್ಷನರಿ ತಗ್ದು ನೋಡ್ಲಾ. ಈ ಪದಕ್ಕೆ ಪುಟಗಟ್ಲೆ ಅರ್ಥ ಬರ್ದವ್ರೆ. ಅಷ್ಟು ದುಡಿಯೋ ಪದಕ್ಕೆ ಮೂರೇ ಪಾಯಿಂಟು ಕೊಡೋದು ಯಾವ ನ್ಯಾಯ?" ಅಂದ ಅವನು.

ಜಗಲಿಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ, "ಅದೇನ್ಲಾ ಪದ?" ಎಂದು ಕೇಳಿದರು.

"ಸೆಟ್ಟು ಕಣವ್ವ."

"ಸೆಟ್ಟಾ? ಅದು ಇಂಗ್ಲೀಸಾ? ನಾನು ದಿನಾ ಆಡ್ತೀನಲ್ಲೋ."

ಆಮೇಲೆ ಶುರು ಮಾಡಿದರು. ದೊಡ್ಡಸಿದ್ದಯ್ಯನ ಪಂಪ್‌ಸೆಟ್ಟು, ಸೊಸೆ ಸುನಿತಾಳ ಓಲೆ ಸೆಟ್ಟು, ಮದ್ದೂರು ಹೋಟೆಲಿನ ಸೆಟ್ ದೋಸೆ. ತಾರಸಿ ಹಾಕಿದ ದಿನ ಮೇಸ್ತ್ರಿ ನಿಂಗಯ್ಯ ಹೇಳಿದ ಮಾತು: "ಸೆಟ್ಟಾಗೋಗಂಟ ಯಾರೂ ಮ್ಯಾಕ್ಕೆ ಅತ್ಬೇಡಿ." ಪಟ್ಟಲಮ್ಮನ ಮಗಳಿಗೆ ಮದುವೆ ಸೆಟ್ಟಾಗಿದ್ದು, ಆಕೆಗೂ ಅತ್ತೆಗೂ ಸೆಟ್ಟಾಗದೆ ಹೋದದ್ದು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು.

ನಮ್ಮ ಕಟ್ಟಳೆ ಹುಟ್ಟಿದ್ದು ಹಾಗೆ. ಹಲಗೆಯ ಮೇಲೆ ಇಟ್ಟ ಪದಕ್ಕೆ ನಮ್ಮ ಸೀಮೆಯ ಅರ್ಥ ಒಂದೊಂದು ಹೇಳಿದರೆ ಒಂದೊಂದು ಪಾಯಿಂಟು ಹೆಚ್ಚು. ಆದರೆ ಆ ಮಾತನ್ನು ಯಾರು ಆಡಿದರು, ಎಲ್ಲಿ ಆಡಿದರು ಎಂದು ಹೇಳಬೇಕು. ಆಡಿದವರು ಬದುಕಿರಬೇಕು, ಅನುಮಾನ ಬಂದರೆ ಹೋಗಿ ಕೇಳುವಂತಿರಬೇಕು. ತೀರ್ಪು ಅವ್ವನದು. ಓದು ಬರಹ ಇಲ್ಲದ ಅವರು ತೀರ್ಪಿಗೆ ಕೂತರೆ ನನ್ನ ದಾಕ್ಷಿಣ್ಯವನ್ನೂ ನೋಡುತ್ತಿರಲಿಲ್ಲ. "ಸುಮ್ಕಿರ್ಲಾ, ಬುರುಡೆ ಬುಡ್ಬೇಡ" ಎಂದು ನನ್ನ ಪಾಯಿಂಟು ಕಿತ್ತುಕೊಂಡ ದಿನವೇ, ಕೇಳದೆ ನನಗೂ ಒಂದು ತಟ್ಟೆ ಹಾಕಿದರು.

ಕೆಂಪರಾಜು ಕಟ್ಟಳೆಯನ್ನು ಅಕ್ಷರಶಃ ಪಾಲಿಸುತ್ತಿದ್ದ. ಮಳವಳ್ಳಿ ಆಸ್ಪತ್ರೆಯ ಸಾಲಿನಲ್ಲಿ ಹಲಗೂರಿನ ಮಂಗಳಮ್ಮ ಎನ್ನುವವರು "ಮುರ್ದಿದ್ ಕೈ ಸೆಟ್ಟಾಯ್ತು" ಅಂದಿದ್ದರು ಎಂದು ಒಮ್ಮೆ ಅವ್ವನೇ ಸಾಕ್ಷಿ ಹೇಳಿದರು. ನಾನು ಅನುಮಾನಪಟ್ಟೆ. "ನಡಿ, ಕೇಳೇ ಬುಡಾನ" ಎಂದು ಅವನು ಸ್ಕೂಟರು ಹತ್ತಿದ. ಹಲಗೂರಿನಲ್ಲಿ ವಿಚಾರಿಸಿ ಮನೆ ಹುಡುಕಿದೆವು. ಇಸ್ತ್ರಿ ಅಂಗಿಯ ಇಬ್ಬರು ಬಾಗಿಲಿಗೆ ಬಂದದ್ದನ್ನು ಕಂಡು ಮಂಗಳಮ್ಮ ಚಾಪೆ ಹಾಸಿದರು, ಉಪ್ಪಿಟ್ಟು ಮಾಡಿಸಿದರು. ಒಳಗೆ ಬಳೆ ಸದ್ದು. ತಟ್ಟೆ ಖಾಲಿಯಾದ ಮೇಲೆ, "ಗಂಡಿನ ಕಡೆಯಿಂದ ನೀವಿಬ್ರೇನಾ?" ಅಂದರು. ಮೊಮ್ಮಗಳನ್ನು ನೋಡಲು ಬಂದವರು ಎಂದುಕೊಂಡಿದ್ದರು.

"ಗಂಡಿಲ್ಲ ಕಣವ್ವ. ಒಂದು ಮಾತು ಕೇಳಕ್ಕೆ ಬಂದೋ" ಎಂದು ಕೆಂಪರಾಜು ಎಲ್ಲ ವಿವರಿಸಿದ.

ಆಕೆ ಅವನನ್ನೇ ನೋಡಿದರು. "ಇದ್ಕೆ ಕೊಪ್ಪದಿಂದ ಬಂದ್ರಾ? ಮೇಷ್ಟ್ರುಗಳು ಬ್ಯಾರೆ. ಊಂ ಕಣಪ್ಪ, ಅಂದಿದ್ದೆ. ಈಗ ನನ್ ಉಪ್ಪಿಟ್ಟು ಕೊಡಿ ವಾಪಸ್ಸು."

ಬರುವ ದಾರಿಯುದ್ದಕ್ಕೂ ಅವನ ಬೆನ್ನು ನಗುವಿಗೆ ಕುಲುಕುತ್ತಿತ್ತು. ಹಿಂದೆ ಕೂತ ನನಗೆ ಕಂಡ ಆ ಬೆನ್ನು ಈಗಲೂ ಕಣ್ಣ ಮುಂದೆ ಬರುತ್ತದೆ. ಮುಖಕ್ಕಿಂತ ಹೆಚ್ಚಾಗಿ ಅದೇ ಬರುತ್ತದೆ.

ಹೋದ ಮಾಗಿಯಲ್ಲಿ ಅವನ ಎದೆಬಡಿತ ನಿಂತಿತು. ಮನೆಯಿಂದ ಮಂಡ್ಯದ ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಕೊಡಲಿಲ್ಲ. ಕಾರ್ಯದ ದಿನ ಅವ್ವ ನನ್ನನ್ನು ಕಂಡು ಎದ್ದು ನಿಂತು, "ಬನ್ನಿ, ಕೂತ್ಕಳಿ" ಎಂದರು. ನಾನು ಮತ್ತೆ ಹೊರಗಿನವನಾಗಿದ್ದೆ. ಅದಾದ ಮೇಲೆ ನನಗೆ ಹೋಗಲು ಧೈರ್ಯ ಬರಲಿಲ್ಲ.

ಮೊನ್ನೆ ಅವನ ಮಗಳು ಶೋಭಿತಾ ಫೋನ್ ಮಾಡಿದಳು. ಅವಳು ಮಂಡ್ಯದಲ್ಲಿ ನರ್ಸಿಂಗ್ ಓದುತ್ತಾಳೆ. "ಅಂಕಲ್, ಭಾನುವಾರ ಬನ್ನಿ. ಅಜ್ಜಿ ಮಾತೇ ಆಡ್ತಿಲ್ಲ. ಅಮ್ಮಂಗೂ ಸಾಕಾಗಿದೆ. ಆಟ ಆಡಾಣ."

ಹೋದೆ. ಅವನ ಹೆಂಡತಿ ಸುನಿತಾ ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಅವ್ವ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಶೋಭಿತಾ ಹಲಗೆ ಬಿಡಿಸಿದಳು. ಬೇಕೆಂದೇ ನಾನು ಆ ಮೂರು ಬಿಲ್ಲೆಗಳಿಗೆ ಕಾದೆ. ಬಂದವು. ಜೋಡಿಸಿ, ಜೊತೆಗೆ ಒಂದು ಹೊಸ ಅರ್ಥ ಇದೆ ಎಂದೆ.

ಅದು ಅವನದೇ ಮಾತು. ಮಂಡ್ಯದ ಕಾಲೇಜಿಗೆ ವರ್ಗ ಕೇಳು, ಮನೆಗೆ ಹತ್ತಿರವಾಗುತ್ತೆ ಎಂದು ನಾನು ಹೇಳಿದ್ದ ಸಂಜೆ, ಬಸ್ಸಿನಲ್ಲಿ ಅಂದದ್ದು. "ಬ್ಯಾಡ ಕಣ್ಲಾ. ಈ ಬಸ್ಸಿಗೆ, ಈ ಕಿಟಕಿಗೆ, ನಿನ್ನ ಕೊರೆತಕ್ಕೆ ಸೆಟ್ಟಾಗ್ಬುಟ್ಟಿವ್ನಿ." ಆ ಮಾತನ್ನು ಅವರಿಗೆ ಹಾಗೆಯೇ ಹೇಳಿದೆ. ಒಗ್ಗಿಹೋಗುವುದು ಎಂಬ ಅರ್ಥ. ಆ ಜಗಲಿಯಲ್ಲಿ ಇದನ್ನು ಹಿಂದೆ ಯಾರೂ ಹೇಳಿರಲಿಲ್ಲ. ಅದನ್ನು ಹಲಗೆಯ ಮೇಲೆ ಒಪ್ಪಿಸಿಬಿಟ್ಟರೆ ಅವನು ಇನ್ನೂ ಆಟದಲ್ಲಿ ಇದ್ದಾನೆ ಎಂದುಕೊಳ್ಳಬಹುದಿತ್ತು. ನನಗೆ ಬೇಕಿದ್ದುದು ಅಷ್ಟೇ.

ಶೋಭಿತಾ ಅಜ್ಜಿಯ ಕಡೆ ನೋಡಿದಳು. ಸುನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅವ್ವ ಗೋಡೆಯಿಂದ ಮುಖ ತಿರುಗಿಸಿದರು. "ಯಾರಂದಿದ್ದು?"

"ಕೆಂಪರಾಜು, ಅವ್ವ."

"ಅವನ್ನ ಎಲ್ಲಿಗೋಗಿ ಕೇಳಾನ?"

ನಾನು ಹಲಗೆಯ ಮೇಲಿನ ಮೂರು ಬಿಲ್ಲೆಗಳನ್ನು ಬೆರಳಿನಿಂದ ನೇರ ಮಾಡಿದೆ.

"ಆಗಕ್ಕಿಲ್ಲ ಬುಡು. ತಗಿ ಆ ಪಾಯಿಂಟ." ಮಗನ ಮಾತೆಂದು ಅವ್ವ ಕಟ್ಟಳೆ ಸಡಿಲಿಸಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಹಲಗೆಯ ಹತ್ತಿರಕ್ಕೆ ಸರಿದು ಕೂತರು. "ಬರೋ ಬಾನ್ವಾರಕ್ಕೆ ಬದ್ಕಿರೋರ್ ಬಾಯಿಂದ ಯಾವುದಾರ ಕೇಳ್ಕಂಡ್ ಬಾರ್ಲಾ. ಎದ್ದೋಗ್ಬೇಡ, ಸುನಿತಾ ಮುದ್ದೆ ಕಟ್ತವ್ಳೆ."

ಶೋಭಿತಾ ನನ್ನ ಲೆಕ್ಕದಲ್ಲಿ ಮೂರು ಮಾತ್ರ ಬರೆದಳು.

ಉಂಡು ಹೊರಟವನು ಕೊಪ್ಪದ ಬಸ್‌ಸ್ಟಾಪಿನ ಹೋಟೆಲಿನ ಮುಂದೆ ಸ್ಕೂಟರು ನಿಲ್ಲಿಸಿ ಟೀ ಹೇಳಿದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹಾಲಿನ ಕ್ಯಾನು ಮುಂದಿಟ್ಟುಕೊಂಡು ಯಾವುದೋ ಕರುವಿನ ವಿಷಯಕ್ಕೆ ಜಗಳವಾಡುತ್ತಿದ್ದರು. ಅವ್ವನಿಗೆ ಒಯ್ಯುವ ಮಾತೊಂದು ಸಿಕ್ಕೀತೇನೋ ಎಂದು ಟೀ ಆರುವವರೆಗೂ ಕೇಳುತ್ತ ಕೂತೆ. ಪಕ್ಕದಲ್ಲಿ ಅವನಿದ್ದಿದ್ದರೆ ಮೊಣಕೈಯಲ್ಲಿ ತಿವಿದು, ಕೇಳಿಸ್ಕಂಡ್ಯಾ ಎನ್ನುತ್ತಿದ್ದ.